ದುರುಗೇಶನ ಕೂಗು

೨೦೨೪ರ ಜನವರಿ ೨೪, ಬುಧವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನನ್ನ ತಮ್ಮ ದುರುಗೇಶ, ಪೊಲೀಸ್ ಕೇಸಿನ ಹುಡುಗರನ್ನು ಇಡುವ ಬಾಲಕರ ವೀಕ್ಷಣಾಲಯದ ಗೇಟು ದಾಟಿ ಹೊರಗೆ ಬಂದ. ಒಳಗೆ ಹೋಗುವಾಗ ಅವನಿಗೆ ಹದಿಮೂರು ವರ್ಷ. ಎಂಟು ತಿಂಗಳ ಹಿಂದೆ ಹಾಕಿಕೊಂಡು ಹೋಗಿದ್ದ ನೀಲಿ ಪ್ಯಾಂಟನ್ನೇ ಹಾಕಿಕೊಂಡಿದ್ದ. ಅದು ಹಿಮ್ಮಡಿಯಿಂದ ಗೇಣುದ್ದ ಮೇಲೆ ನಿಂತಿತ್ತು. ಅವ್ವ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಂಡೆಯೋ ಇಲ್ಲವೋ ಅಂತ ಕೇಳಿದಳು.

“ಉಂಡೀನ್ರಿ,” ಅಂದ.

ಅವ್ವ ಹಿಂದಕ್ಕೆ ತಿರುಗಿ ನೋಡಿದಳು. ಮಾತಾಡಿದವರು ಬೇರೆ ಯಾರೋ ಇರಬೇಕು ಅಂದುಕೊಂಡಿದ್ದಳು. ಮಳೆಗಾಲದಲ್ಲಿ ಒಮ್ಮೆ ಅವನನ್ನು ನೋಡಲು ಬಂದವಳಿಗೆ ಆಮೇಲೆ ಕುರಿಗಳು ಈಯುವ ಕಾಲ ಬಂದು ಹಿಂಡು ಬಿಟ್ಟು ಬರಲಾಗಿರಲಿಲ್ಲ. ಅಕ್ಕನಾದ ನಾನು ತಿಂಗಳಿಗೊಮ್ಮೆ ಬರುತ್ತಿದ್ದೆ. ಆದರೆ ಭೇಟಿಯ ಕೋಣೆಯಲ್ಲಿ ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಪಿಸುಮಾತಿಗೆ ಸ್ಥಾಯಿ ಇರುವುದಿಲ್ಲ. ಅದು ಬರೀ ಗಾಳಿ. ಹಾಗಾಗಿ ಅವನ ದನಿ ಒಡೆದದ್ದು ನನಗೂ ಗೊತ್ತಾಗಿರಲಿಲ್ಲ. ಕೊಪ್ಪಳದ ಕಾಲೇಜಿನಲ್ಲಿ ನಾನು ಪಾಠ ಮಾಡುವುದು ಭೌತಶಾಸ್ತ್ರ, ಶಬ್ದದ ಅಧ್ಯಾಯ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟೆ. ಕೂತ. ಸ್ವಲ್ಪ ಹೊತ್ತಿಗೆ ಅವ್ವನ ಕಡೆ ವಾಲಿ, “ಕಿಟಕಿ ತೆಗೀಲೇನ್ರಿ?” ಅಂತ ಕೇಳಿದ. ಇರಕಲ್ಲಗಡದ ನಮ್ಮ ಮನೆಯಲ್ಲಿ ಅವ್ವನಿಗೆ ಯಾರೂ ರಿ ಹಚ್ಚುವುದಿಲ್ಲ. ‘ಬಾ’, ‘ಹೋಗ’, ‘ನೀ’ ಅಷ್ಟೇ. ಅಪ್ಪ ಮುದಿಯಪ್ಪನಿಗೂ ಅಷ್ಟೇ. ಊರ ಗೌಡರಿಗೆ, ಸಾಲಿ ಮಾಸ್ತರಿಗೆ, ಡಾಕ್ಟರಿಗೆ ಇರುವಂಥದು ಆ ರಿ. ಕೊಪ್ಪಳ ಬರುವ ಹೊತ್ತಿಗೆ ಅವ್ವ ಹೇಳಿದಳು:

“ನನಗ ರಿ ಹಚ್ಚಬ್ಯಾಡಪಾ. ನಾ ಏನ್ ಸಾಹೇಬಳಾ?”

“ಹ್ಞೂಂರಿ,” ಅಂದ ದುರುಗೇಶ.

ಅವ್ವ ಅಳುವ ಬದಲು ನಕ್ಕುಬಿಟ್ಟಳು. ಅವನೂ ನಗಲು ನೋಡಿದ. ಆದರೆ ಬಾಯಿಗೆ ಕೈ ಅಡ್ಡ ಹಿಡಿದೇ ನಕ್ಕ.

ಅವನು ಒಳಗೆ ಹೋದದ್ದು ಒಂದು ಟಗರಿನ ದೆಸೆಯಿಂದ.

ನಮ್ಮದು ಕುರಿ ಸಾಕುವ ಮನೆತನ. ಬೇಸಗೆಯಲ್ಲಿ ಗಂಗಾವತಿ ಕಡೆಯ ಗದ್ದೆಗಳಲ್ಲಿ ಭತ್ತ ಕೊಯ್ದಾದ ಮೇಲೆ ಹಿಂಡು ಅಲ್ಲಿಗೆ ಇಳಿಯುತ್ತದೆ. ಹಗಲೆಲ್ಲ ಕೂಳೆ ಮೇಯ್ದು ರಾತ್ರಿ ಒಬ್ಬೊಬ್ಬರ ಗದ್ದೆಯಲ್ಲಿ ಸುತ್ತ ಕಟ್ಟಿದ ಬಲೆಯೊಳಗೆ ಮಲಗಿ ಗೊಬ್ಬರ ಬಿಡುವುದು ಕುರಿಗಳ ಕೆಲಸ. ೨೦೨೩ರ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹಿಂಡಿನ ನಡುವೆ ನಮ್ಮದಲ್ಲದ ಒಂದು ಟಗರು ನಿಂತಿತ್ತು. ಕಪ್ಪು ಕುತ್ತಿಗೆ, ಎಣ್ಣೆ ಹಚ್ಚಿ ತಿಕ್ಕಿದ ಕೊಂಬು. ಹುರುಳಿ ತಿಂದು ಬೆಳೆದ ಕಾಳಗದ ಟಗರು. ಹೆಣ್ಣುಕುರಿಗಳ ವಾಸನೆ ಹಿಡಿದು ಹಗ್ಗ ಹರಿದುಕೊಂಡು ಬಂದಿತ್ತು. ಅಪ್ಪ ಹಿಂದಿನ ದಿನ ಯಲಬುರ್ಗಾಕ್ಕೆ ಹೋಗಿದ್ದ, ಅವ್ವ ಊರಲ್ಲಿದ್ದಳು. ಬಲೆಯ ಹತ್ತಿರ ಇದ್ದವರು ದುರುಗೇಶ ಮತ್ತು ಒಬ್ಬ ಸಂಬಳದಾಳು.

ತಾನಾಗಿ ಬಂದ ಪ್ರಾಣಿಯನ್ನು ನಾವು ಹೊಡೆದು ಓಡಿಸುವುದಿಲ್ಲ. ಮೊದಲು ಅದರ ಬೆನ್ನಿಗೆ ನಮ್ಮ ಹಿಂಡಿನ ಜಾಜು ಹಚ್ಚುತ್ತೇವೆ. ಜಾಜು ಅಂದರೆ ಕೆಂಪು ಕಲ್ಲಿನ ಪುಡಿ. ಎಣ್ಣೆಯಲ್ಲಿ ಕಲಸಿ ಬಳಿದರೆ ಎರಡು ಮಳೆ ಬಿದ್ದರೂ ಉಣ್ಣೆ ಬಿಡುವುದಿಲ್ಲ. ಗುರುತಿಲ್ಲದ ಪ್ರಾಣಿ ಯಾರ ಪ್ರಾಣಿಯೂ ಅಲ್ಲ. ಅದನ್ನು ನಾಯಿ ಹಿಡಿದರೆ, ಲಾರಿ ಹೊಡೆದರೆ ಕೇಳುವವರಿಲ್ಲ. ಜಾಜು ಬಿದ್ದ ಮೇಲೆ ಅದರ ಜೀವಕ್ಕೆ ನಾವು ಹೊಣೆ. ಒಡೆಯ ಬಂದ ದಿನ ಒಂದು ತೆಂಗಿನಕಾಯಿ ಇಟ್ಟು ಹೊಡೆದುಕೊಂಡು ಹೋಗುತ್ತಾನೆ. ನನ್ನ ಸಣ್ಣಂದಿನಲ್ಲಿ ಹಾಗೆ ಬಂದ ಒಂದು ಬಿಳಿ ಕುರಿ ಮೂರು ತಿಂಗಳು ನಮ್ಮೊಂದಿಗಿತ್ತು. ಒಡೆಯ ಬಂದಾಗ ನಾನು ಅತ್ತಿದ್ದೆ, ಅವನು ನನಗೆ ಬಾಳೆಹಣ್ಣು ಕೊಟ್ಟಿದ್ದ.

ದುರುಗೇಶ ಜಾಜು ಕಲಸಿದ, ಹಚ್ಚಿದ, ಹತ್ತಿರದ ಚಹಾದ ಅಂಗಡಿಯಲ್ಲಿ ಟಗರು ಬಂದ ಸುದ್ದಿ ಹೇಳಿ, ಒಪ್ಪಿಕೊಂಡಿದ್ದ ಮುಂದಿನ ಗದ್ದೆಗೆ ಹಿಂಡು ಹೊಡೆದ. ಟಗರು ಪ್ರಭುರಾಜ ಅನ್ನುವವರದು. ಆ ಸುತ್ತಿನಲ್ಲಿ ಆ ಬೇಸಗೆ ಮೂರು ಟಗರು ಕಳುವಾಗಿದ್ದವು, ಕದ್ದ ಹುಡುಗರ ಗುಂಪು ಸಿಕ್ಕಿರಲಿಲ್ಲ. ಪೊಲೀಸರು ಬಂದಾಗ ಟಗರಿನ ಬೆನ್ನು ಕೆಂಪಗಿತ್ತು, ಹಿಂಡು ಬೇರೆ ಊರಿನ ಸೀಮೆಯಲ್ಲಿತ್ತು. ಬಣ್ಣ ಯಾಕೆ ಹಚ್ಚಿದೆ ಅಂತ ಕೇಳಿದರು.

“ನಮ್ದಾತಲ್ರಿ, ಅದಕ್ಕ,” ಅಂದ ನನ್ನ ತಮ್ಮ.

ಆ ಒಂದು ಮಾತಿಗೆ ನಮ್ಮಲ್ಲಿರುವ ಅರ್ಥ ಬೇರೆ, ಅದನ್ನು ಬರೆದುಕೊಂಡವರು ತಿಳಿದ ಅರ್ಥ ಬೇರೆ. ಮನೆತನ ವರ್ಷದ ಬಹುಪಾಲು ಅಲೆಯುತ್ತದೆ, ಹುಡುಗನ ಮೇಲೆ ನಿಗಾ ಇರುವುದಿಲ್ಲ, ಬಿಟ್ಟರೆ ಕಳ್ಳರ ಗುಂಪಿಗೆ ಸೇರುವ ಸಂಭವವಿದೆ, ಆದ್ದರಿಂದ ಅವನ ಒಳ್ಳೆಯದಕ್ಕೇ ಒಳಗಿರಲಿ ಅಂತಾಯಿತು. ಯಾರೂ ಕೆಟ್ಟವರಾಗಿರಲಿಲ್ಲ. ವಿಚಾರಣೆಯ ದಿನ ಮುಂದಕ್ಕೆ ಹೋಗುತ್ತಿತ್ತು, ಒಮ್ಮೆ ಬಾಲ ನ್ಯಾಯ ಮಂಡಳಿಯಲ್ಲಿ ಕೂರಬೇಕಾದವರು ಕೂರಲಿಲ್ಲ, ಒಮ್ಮೆ ರಜೆ ಬಂತು. ಕೊನೆಗೆ ಉಚಿತ ಕಾನೂನು ನೆರವಿನ ವಕೀಲೆ ವಾಣಿಶ್ರೀಯವರಿಗೆ ನಾನು ಜಾಜಿನ ಪದ್ಧತಿ ವಿವರಿಸಿ, ಟಗರಿನ ಕಿವಿ ನೋಡಿರಿ ಅಂದೆ. ಕುರಿ ಕದಿಯುವವನು ಮೊದಲು ಕಿವಿಯಲ್ಲಿರುವ ಒಡೆಯನ ಕಚ್ಚಿನ ಗುರುತು ಕೊಯ್ಯುತ್ತಾನೆ. ಈ ಟಗರಿನ ಕಿವಿ ಇದ್ದ ಹಾಗೇ ಇತ್ತು. ಪ್ರಭುರಾಜ ಅವರೂ ಬಂದು ಹೌದು ಅಂದರು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಮಾತಾಗಿತ್ತು, ಮುಗಿದದ್ದು ಒಂದು ಮಧ್ಯಾಹ್ನದಲ್ಲೇ. ಆ ಮಧ್ಯಾಹ್ನ ಬರಲು ಎಂಟು ತಿಂಗಳು ಬೇಕಾಯಿತು.

ದುರುಗೇಶನ ಕೂಗಿನ ಬಗ್ಗೆ ಹೇಳಬೇಕು.

ಅವನು ನನಗಿಂತ ಹದಿನೈದು ವರ್ಷ ಸಣ್ಣವನು. ಅವನಿಗೆ ಐದಾಗಿದ್ದಾಗ ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ರಜೆಗೆ ಬಂದಾಗಲೆಲ್ಲ ಅವನನ್ನು ಸೊಂಟಕ್ಕೆ ಏರಿಸಿಕೊಂಡು ಹಿಂಡಿನ ಹಿಂದೆ ಹೋಗುತ್ತಿದ್ದೆ. ಕುರಿ ಕರೆಯುವ ಕೂಗು ಒಬ್ಬೊಬ್ಬರದು ಒಂದೊಂದು ಥರ. ಅಪ್ಪನದು ಕೆಮ್ಮಿನ ಹಾಗೆ ಮೊಂಡ. ದುರುಗೇಶ ಯಾರಿಂದಲೂ ಕಲಿಯದೆ ತನ್ನದೇ ಒಂದನ್ನು ಮಾಡಿಕೊಂಡಿದ್ದ: ಹೂಯ್ಯಾ... ಬಾ... ಬಾ... ಕೊನೆಯ ‘ಬಾ’ ಗಾಳಿಪಟದ ಬಾಲದ ಹಾಗೆ ಮೇಲಕ್ಕೆ ಹೋಗುತ್ತಿತ್ತು. ಹಿಂಡು ಎಷ್ಟೇ ಚದುರಿದ್ದರೂ ಆ ಬಾಲ ಕೇಳಿದ ತಕ್ಷಣ ನೂರಿಪ್ಪತ್ತು ತಲೆ ಒಟ್ಟಿಗೆ ಎದ್ದು ಅವನ ಕಡೆ ತಿರುಗುತ್ತಿದ್ದವು. ಬಂಡೆಯ ಮೇಲೆ ನಿಂತ ಅಷ್ಟು ಚಿಕ್ಕ ದೇಹದ ಕಡೆಗೆ ಆ ಹಿಂಡೆಲ್ಲ ಧೂಳೆಬ್ಬಿಸುತ್ತ ಬರುವುದನ್ನು ನೋಡಿ ಅಪ್ಪ ಬೀಡಿ ಹಚ್ಚುವುದನ್ನೂ ಮರೆಯುತ್ತಿದ್ದ.

ಊರ ಹಿಂದಿನ ಗುಡ್ಡ ಆ ಕೂಗನ್ನು ವಾಪಸ್ಸು ಕೊಡುತ್ತಿತ್ತು. ಅದು ಮರಳಿ ಬರುವ ಹೊತ್ತನ್ನು ಫೋನಿನ ಸ್ಟಾಪ್‌ವಾಚಿನಲ್ಲಿ ಹಿಡಿದು, ಗುಡ್ಡ ಎಷ್ಟು ದೂರವಿದೆ ಅಂತ ಲೆಕ್ಕ ಹಾಕಿದ್ದೆ. ನಾನು ಪುಸ್ತಕದ ಹೊರಗೆ ಮಾಡಿದ ಮೊದಲನೇ ಪ್ರಯೋಗ ಅದು. ಅವನಿಗೆ ಲೆಕ್ಕ ಬೇಕಾಗಿರಲಿಲ್ಲ.

“ಗುಡ್ಡದಾಗ ಯಾರ ಅದಾರಕ್ಕ?” ಅಂತ ಕೇಳಿದ.

“ನೀನ ಅದಿ.”

“ನಾ ಇಲ್ಲೇ ಅದೀನಲ್ಲ.” ಸ್ವಲ್ಪ ಯೋಚಿಸಿ, “ಅಂವ ಯಾಕ ತಡಾ ಮಾಡಿ ಒದರತಾನ? ನಿದ್ದಿ ಮಾಡ್ತಿರತಾನೇನು?” ಅಂದ.

ಎಷ್ಟೋ ದಿನ ಅವನು ಬೆಳಿಗ್ಗೆ ಎದ್ದ ಕೂಡಲೇ ಅಂಗಳಕ್ಕೆ ಹೋಗಿ ಒಂದು ಕೂಗು ಹಾಕಿ, ಗುಡ್ಡದವನು ಎದ್ದಿದ್ದಾನೆ ಅಂತ ಖಾತ್ರಿ ಮಾಡಿಕೊಂಡೇ ಮುಖ ತೊಳೆಯುತ್ತಿದ್ದ. ಗಂಗಾವತಿ ಕಡೆಗೆ ನಡೆಯುವಾಗ ಹನುಮನಹಳ್ಳಿಯ ಹತ್ತಿರ ಯಾತ್ರಿಕರ ಕಾರುಗಳು ಸಾಲಾಗಿ ನಿಂತು ಹಿಂಡಿಗೆ ದಾರಿ ಬಿಡುತ್ತಿದ್ದವು. ಕತ್ತೆಯ ಬೆನ್ನ ಮೇಲಿನ ಬಲೆಚೀಲದಲ್ಲಿ ಮರಿಗಳು ಕಿವಿ ಅಲ್ಲಾಡಿಸುತ್ತ ಕೂತಿರುತ್ತಿದ್ದವು, ಮುಂದೆ ದುರುಗೇಶ ಕೂಗುತ್ತ ಹೋಗುತ್ತಿದ್ದ. ಯಾತ್ರಿಕರು ಅವನ ಫೋಟೋ ತೆಗೆಯುತ್ತಿದ್ದರು. ಅವನು ಅವರ ಕಡೆ ನೋಡುತ್ತಲೂ ಇರಲಿಲ್ಲ, ದೊಡ್ಡ ಮನುಷ್ಯನ ಹಾಗೆ. ಸಂಜೆ ಗದ್ದೆಯ ಬದುವಿನ ಮೇಲೆ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನಕಾಯಿ ಚಟ್ನಿ. ಒದ್ದೆ ಉಣ್ಣೆಯ ವಾಸನೆ, ಕೊಯ್ದ ಭತ್ತದ ವಾಸನೆ. ಈಗ ಕೊಪ್ಪಳಕ್ಕೆ ಹೊಂದಿದ ಭಾಗ್ಯನಗರದಲ್ಲಿ ನಾನಿರುವ ಬಾಡಿಗೆ ಮನೆಯ ಪಕ್ಕದ ಅಂಗಡಿಯವರು ಮಳೆಗೆ ನೆನೆದ ಕಂಬಳಿ ಒಣಹಾಕಿದರೆ ಸಾಕು, ನಾನು ಬಾಗಿಲಲ್ಲೇ ನಿಂತುಬಿಡುತ್ತೇನೆ.

ಮನೆಗೆ ಬಂದ ಮರುದಿನ ಬನದ ಹುಣ್ಣಿಮೆ. ಅವ್ವ ಹೋಳಿಗೆ ಮಾಡಿದಳು. ದುರುಗೇಶ ನೀರು ಕುಡಿಯಲು ಹೋಗುವಾಗಲೂ ಎದ್ದು ನಿಂತು ಒಪ್ಪಿಗೆ ಕೇಳುತ್ತಿದ್ದ. ಊಟದ ತಾಟನ್ನು ತಾನೇ ತೊಳೆದು ಬೋರಲು ಇಟ್ಟು, ಗೋಡೆಗೆ ಬೆನ್ನು ಹಚ್ಚಿ ಕೂರುತ್ತಿದ್ದ. ಅಲ್ಲಿ ಹೊಡೆಯುತ್ತಿದ್ದರೇ ಅಂತ ಅಪ್ಪ ಕೇಳಿದ್ದಕ್ಕೆ ಇಲ್ಲ ಅಂದ. ಊಟ ಸರಿಯಾಗಿ ಕೊಡುತ್ತಿದ್ದರಂತೆ, ಬೆಳಿಗ್ಗೆ ವ್ಯಾಯಾಮ ಮಾಡಿಸುತ್ತಿದ್ದರಂತೆ. ಗಂಗಾವತಿಯ ಅಕ್ರಮ್ ಅನ್ನುವ ಹುಡುಗ ಪಕ್ಕದ ಹಾಸಿಗೆಯಲ್ಲಿದ್ದನಂತೆ, ಒಳ್ಳೆಯವನಂತೆ, ಇವನಿಗೆ ಕ್ಯಾರಂ ಕಲಿಸಿದನಂತೆ. ನಾನು ಒಬ್ಬಳೇ ಇದ್ದಾಗ ಮಾತ್ರ ಒಂದು ವಿಷಯ ಹೇಳಿದ. ಅದನ್ನೂ ದೂರಿನ ಹಾಗೆ ಹೇಳಲಿಲ್ಲ, ಅಲ್ಲಿಯ ನೀರು ಸಪ್ಪಗಿತ್ತು ಅನ್ನುವ ಹಾಗೆ ಹೇಳಿದ:

“ಅಲ್ಲಿ ಒದರಂಗಿಲ್ಲಕ್ಕ. ಯಾರೂ ಒದರಂಗಿಲ್ಲ.”

ಅಷ್ಟು ಹುಡುಗರಿರುವ ಕಡೆ ಆ ನಿಯಮ ಬೇಕೇ ಬೇಕು, ನನಗೆ ಅರ್ಥವಾಗುತ್ತದೆ. ನನ್ನ ತರಗತಿಯಲ್ಲೂ ಅದೇ ನಿಯಮ. ಆದರೆ ಅವನ ದನಿ ಒಡೆದದ್ದು ಆ ತಿಂಗಳುಗಳಲ್ಲಿ. ಹೊರಗಿದ್ದಿದ್ದರೆ ದಿನಕ್ಕೆ ಇಪ್ಪತ್ತು ಸಲ ಕೂಗುತ್ತ, ಇವತ್ತು ಒಂದಿಷ್ಟು ದಪ್ಪ, ನಾಳೆ ಇನ್ನೊಂದಿಷ್ಟು ದಪ್ಪ ಅಂತ ಹಿಂಡಿನ ಕಿವಿಯ ಮುಂದೆಯೇ ದೊಡ್ಡವನಾಗುತ್ತಿದ್ದ. ಕುರಿಗಳಿಗೆ ಅದು ಬದಲಾವಣೆ ಅಂತ ಅನ್ನಿಸುತ್ತಲೂ ಇರಲಿಲ್ಲ. ಬದಲಿಗೆ ಒಂದು ದನಿ ಮೇ ತಿಂಗಳಲ್ಲಿ ನಿಂತಿತ್ತು, ಇನ್ನೊಂದು ಜನವರಿಯಲ್ಲಿ ಶುರುವಾಗಬೇಕಿತ್ತು. ಎರಡರ ನಡುವೆ ಏನೂ ಇರಲಿಲ್ಲ. ಅವನನ್ನು ಅಲ್ಲಿಟ್ಟುಕೊಳ್ಳಲು ಸರ್ಕಾರಕ್ಕೆ ಆದ ಖರ್ಚಿನ ಲೆಕ್ಕ ಎಲ್ಲಾದರೂ ಇದ್ದೇ ಇರುತ್ತದೆ. ಇದು ಯಾವ ಕಾಲಮಿನಲ್ಲಿ ಬರುತ್ತದೋ ನನಗೆ ತಿಳಿಯದು.

ಅವನಿಗೆ ಬೇಕಾಗಿದ್ದು ಒಂದೇ: ಮತ್ತೆ ಹಿಂಡಿನ ಜೊತೆ ಹೋಗುವುದು. ಆ ವರ್ಷ ಕಾಲುವೆಗೆ ಎರಡನೇ ಬೆಳೆಯ ನೀರು ಬಂದಿರಲಿಲ್ಲ, ಗಂಗಾವತಿ ಕಡೆಯ ಗದ್ದೆಗಳು ಖಾಲಿ ಬಿದ್ದಿದ್ದವು. ಹಾಗಾಗಿ ಫೆಬ್ರವರಿ ಕೊನೆಯ ಭರತ ಹುಣ್ಣಿಮೆ ದಾಟಿದ ಕೂಡಲೇ ಇಳಿಯಬೇಕು ಅಂತ ಅಪ್ಪ ಗೊತ್ತು ಮಾಡಿದ್ದ. ನನ್ನ ಮನೆಯಲ್ಲಿದ್ದು ಭಾಗ್ಯನಗರದ ಸಾಲಿಗೆ ಹೋಗಲಿ ಅಂತ ನಾನು ಹೇಳಿದೆ. ಸಾಲಿಗೆ ಜೂನಿನಿಂದ ಹೋಗುತ್ತೇನೆ, ಈಗ ಹಿಂಡಿನ ಜೊತೆ ಹೋಗಲೇನು ಅಂತ ಅವನು ಅಪ್ಪನನ್ನು ಕೇಳಿದ. ಅಪ್ಪನಿಗೆ ಇಬ್ಬರ ಮಾತೂ ರುಚಿಸಲಿಲ್ಲ. ರಸ್ತೆಯ ಮೇಲೆ ಲಾರಿ ಬರುವಾಗ ಮಾತು ಕೇಳದ ಹಿಂಡು ಸಾಯುತ್ತದೆ. ಮುಂದೆ ನಡೆಯುವವನ ದನಿ ಕುರಿಗೆ ಗೊತ್ತಿರಲೇಬೇಕು.

“ಕುರಿ ನಿನ್ನ ಮಾತ ಕೇಳಿದ್ರ ಬಾ,” ಅಂದ. “ಇಲ್ಲಾಂದ್ರ ಅಕ್ಕನ ಮನ್ಯಾಗ ಇರು. ಅವನ್ನ ಕೇಳು, ನನ್ನೇನ್ ಕೇಳ್ತಿ.”

ಶನಿವಾರ ಹೊತ್ತು ಏರಿದ ಮೇಲೆ ಊರ ಹಿಂದಿನ ಬಯಲಿಗೆ ಹೋದೆವು. ಹಿಂಡು ಗುಡ್ಡದ ಬುಡದಲ್ಲಿ ಚದುರಿ ಮೇಯುತ್ತಿತ್ತು. ನಮ್ಮ ನೆರೆಯ ಕುರಿ ವ್ಯಾಪಾರಿ ಅಬ್ದುಲಸಾಬ ಕೂಡ ತಮಾಷೆ ನೋಡಲು ಬಂದು ಬೇವಿನ ನೆರಳಿಗೆ ಕೂತಿದ್ದರು. ದುರುಗೇಶ ತನ್ನ ಹಳೆಯ ಬಂಡೆ ಹತ್ತಿ ನಿಂತ. ಬಾಯಿ ತೆಗೆದು, ಮತ್ತೆ ಮುಚ್ಚಿದ. ನಮ್ಮ ಕಡೆ ನೋಡಿದ. ಒಪ್ಪಿಗೆ ಕೇಳುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು.

“ಒದರೋ,” ಅಂದ ಅಪ್ಪ.

ಕೂಗಿದ. ದಪ್ಪಗೆ ಹೊರಟ ದನಿ ನಡುವೆ ಎರಡಾಗಿ ಸೀಳಿ, ಕೊನೆಯ ‘ಬಾ’ಕ್ಕೆ ತಲುಪುವ ಮೊದಲೇ ಗಂಟಲಲ್ಲಿ ಸಿಕ್ಕಿಕೊಂಡಿತು. ಒಂದು ಕುರಿಯೂ ತಲೆ ಎತ್ತಲಿಲ್ಲ.

“ಏನಪಾ ದುರುಗ್ಯಾ,” ಅಂದರು ಅಬ್ದುಲಸಾಬ, “ಆ ಟಗರು ಪೊಲೀಸ್ನೋರ ಒಯ್ದಾರಂತ ನಾ ತಿಳ್ಕೊಂಡಿದ್ದೆ. ನಿನ್ನ ಗಂಟಲದಾಗ ಕುಂತೈತಲ್ಲೋ.”

ಅಪ್ಪನೂ ನಕ್ಕ, ದುರುಗೇಶನೂ ಸ್ವಲ್ಪ ನಕ್ಕ. ಬಾಯಿಗೆ ಕೈ ಹಿಡಿಯಲಿಲ್ಲ, ಅದನ್ನು ಗಮನಿಸಿದೆ. ಮತ್ತೆ ಕೂಗಿದ, ಮತ್ತೆ. ಕುರಿ ಮುಖವನ್ನು ಎರಡು ವರ್ಷ ನೆನಪಿಡುತ್ತದೆ ಅಂತ ಎಲ್ಲೋ ಓದಿದ್ದೆ. ಇದ್ದೀತು. ಆದರೆ ಮೇಯುವ ಕುರಿಯ ಕಣ್ಣು ನೆಲದಲ್ಲಿರುತ್ತದೆ, ದೂರದವನ ಪಾಲಿಗೆ ಅದರ ಕಿವಿ ಮಾತ್ರ ತೆರೆದಿರುತ್ತದೆ.

ಕೊನೆಗೆ ಅವನು ಒಂದು ಕೆಲಸ ಮಾಡಿದ. ಗಂಟಲು ಬಿಗಿದು, ಕುತ್ತಿಗೆ ಉದ್ದ ಮಾಡಿ, ಹಳೆಯ ದನಿಯನ್ನು ಅನುಕರಿಸಿದ. ತೆಳ್ಳಗೆ, ಸುಳ್ಳುಸುಳ್ಳಾಗಿ, ಆದರೆ ಅದೇ ಕೂಗು. ಹಿಂಡಿನ ಅಂಚಿನಲ್ಲಿದ್ದ ಚುಕ್ಕಿ ತಲೆ ಎತ್ತಿತು. ಹುಟ್ಟುತ್ತಲೇ ತಾಯಿ ಸತ್ತ ಮರಿ ಅದು. ಅವನೇ ಬಾಟಲಿಯಲ್ಲಿ ಹಾಲು ಕುಡಿಸಿ, ಪಕ್ಕದಲ್ಲಿ ಮಲಗಿಸಿಕೊಂಡು ದೊಡ್ಡದು ಮಾಡಿದ್ದ. ಚುಕ್ಕಿ ಬಂಡೆಯ ಕಡೆ ನೋಡಿತು, ಅಲ್ಲಿ ನಿಂತಿದ್ದ ಉದ್ದನೆಯ ಹುಡುಗನನ್ನು ದಾಟಿ ಆಚೆ ನೋಡಿತು, ಗುಡ್ಡದ ಕಡೆ ತಿರುಗಿ ಸ್ವಲ್ಪ ಹೊತ್ತು ಕಿವಿ ನಿಮಿರಿಸಿ ನಿಂತಿತು. ಆಮೇಲೆ ಹುಲ್ಲಿಗೆ ಬಾಯಿ ಹಾಕಿತು.

ದುರುಗೇಶ ಬಂಡೆಯಿಂದ ಇಳಿದ. ಅಬ್ದುಲಸಾಬ ಎದ್ದು ಬಟ್ಟೆ ಝಾಡಿಸಿಕೊಂಡು ಹೋದರು. ಮನೆ ಹತ್ತಿರ ಬಂದಾಗ ದುರುಗೇಶ ಅಪ್ಪನ ಮುಂದೆ ಬಂದು ನಿಂತ.

“ಮರಿ ನಾ ನೋಡ್ಕೋತೀನಿ,” ಅಂದ.

ಮರಿ ನೋಡಿಕೊಳ್ಳುವುದು ಆರೇಳು ವರ್ಷದ ಮಕ್ಕಳ ಕೆಲಸ. ಹಿಂಡು ಮೇಯಲು ಹೋದಾಗ ಚಿಕ್ಕ ಮರಿಗಳನ್ನು ತಡಿಕೆಯೊಳಗೆ ಕಾಯುವುದು, ಚಿಗುರು ತಿನ್ನಿಸುವುದು, ದಾರಿಯಲ್ಲಿ ಹಿಂಡಿನ ಹಿಂದೆ ಕತ್ತೆಯ ಜೊತೆ ಧೂಳು ತಿನ್ನುತ್ತ ನಡೆಯುವುದು. ಅವನು ಅದನ್ನೆಲ್ಲ ಮುಗಿಸಿ ಹಿಂಡಿನ ಮುಂದಕ್ಕೆ ಬಂದು ವರ್ಷಗಳಾಗಿದ್ದವು.

“ಅದು ಸಣ್ಣ ಹುಡುಗೂರ ಕೆಲಸಾ.”

“ಗೊತ್ತೈತಿ. ಅವು ಕಾರ್ತೀಕದಾಗ ಹುಟ್ಯಾವ. ನನ್ನ ಹಳೇ ದನಿ ಅವು ಕೇಳೇ ಇಲ್ಲ.”

ಅಪ್ಪ ಅವನನ್ನೇ ನೋಡುತ್ತ ನಿಂತ. ಇಷ್ಟು ದಿನದಲ್ಲಿ ಅವನು ಯಾರಿಗೂ ಒಪ್ಪಿಗೆ ಕೇಳದೆ ಆಡಿದ ಮೊದಲ ಮಾತು ಅದು.

“ಅವು ಬಂದ್ರ ನೋಡೂಣು,” ಅಂದ ಅಪ್ಪ.

ಆ ಫೆಬ್ರವರಿ ನಾನು ಪ್ರತಿ ಶನಿವಾರ ಊರಿಗೆ ಹೋದೆ. ಮರಿಗಳು ಮೂವತ್ತರ ಮೇಲಿದ್ದವು. ದುರುಗೇಶ ಬೆಳಿಗ್ಗೆ ತಡಿಕೆ ತೆಗೆದು ದೂರ ಹೋಗಿ ನಿಂತು ಕೂಗುತ್ತಿದ್ದ. ಮೊದಲ ವಾರ ಎಲ್ಲವೂ ತಾಯಂದಿರ ಹಿಂದೆ ಓಡಿದವು. ಎರಡನೇ ವಾರ ಏಳೆಂಟು ಬಂದವು, ಮರುದಿನ ಅವೂ ಬರಲಿಲ್ಲ. ಅವನಿಗೆ ಸಿಟ್ಟು ಬಂತು. ಅವುಗಳಿಗೆ ಬುದ್ಧಿ ಇಲ್ಲ ಅಂದ.

ತೊಂದರೆ ಎಲ್ಲಿದೆ ಅಂತ ನನಗೆ ಕಾಣಿಸಿತು. ತರಗತಿಯಲ್ಲಿ ಶ್ರುತಿಕವೆಯ ಆವರ್ತನ, ಅಂದರೆ ದನಿಯ ಸ್ಥಾಯಿ ಎಷ್ಟು ಹರ್ಟ್ಸ್ ಅಂತ, ತೋರಿಸಲು ಬಳಸುವ ಒಂದು ಆ್ಯಪ್ ನನ್ನ ಫೋನಿನಲ್ಲಿದೆ. ಅದನ್ನು ಹಿಡಿದು ಅವನಿಂದ ಕೂಗಿಸಿದೆ. ಒಂದೇ ಬೆಳಿಗ್ಗೆಯ ಕೂಗುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ ಬೇರೆ. ಒಮ್ಮೆ ಹೆಂಗಸಿನಷ್ಟು ಮೇಲೆ, ಮುಂದಿನದು ಅಪ್ಪನಿಗಿಂತ ಕೆಳಗೆ. ಮರಿಗಳ ಪಾಲಿಗೆ ಅವನು ಒಬ್ಬನಾಗಿರಲಿಲ್ಲ. ದಿನಕ್ಕೊಬ್ಬ ಹೊಸಬ ಬಂದು ಕರೆಯುತ್ತಿದ್ದ.

“ಮರೀದ ತಪ್ಪಿಲ್ಲ,” ಅಂದೆ. “ನಿನ್ನ ದನಿ ಇನ್ನೂ ನಿಂತಿಲ್ಲ.”

“ನಿಲ್ಲಾಕ ಏನ ಮಾಡ್ಬೇಕು?”

ಗಂಟಲಿನ ಎಳೆಗಳು ಉದ್ದವಾಗುತ್ತಿವೆ, ಸ್ನಾಯುಗಳಿಗೆ ಇನ್ನೂ ಹೊಸ ಅಳತೆ ರೂಢಿಯಾಗಿಲ್ಲ ಅಂತೆಲ್ಲ ವಿವರಿಸಿದೆ. ಅವನು ಪೂರ್ತಿ ಕೇಳಿ, ಅಂದರೆ ಒದರಬೇಕು ಅಷ್ಟೇ ಅಲ್ಲವೇ ಅಂತ ಕೇಳಿದ. ಅಷ್ಟೇ ಅಂದೆ.

ಅವ್ವ ಹೇಳಿದ ಪ್ರಕಾರ ಆಮೇಲೆ ಅವನು ಇಡೀ ದಿನ ಒದರಿದ. ಬಾವಿಯ ಹತ್ತಿರ, ಬಣವೆಯ ಹಿಂದೆ, ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ. ಓಣಿಯ ಹೆಂಗಸರು ಅವ್ವನ ಹೆಸರು ಹಿಡಿದು, ಸಣ್ಣವ್ವಾ, ನಿನ್ನ ಮಗ ಮೊದಲು ಪಿಟ್ಟೆನ್ನುತ್ತಿರಲಿಲ್ಲ, ಈಗ ಮಲಗಲೂ ಬಿಡುವುದಿಲ್ಲ ಅಂತ ಬೈದರು. ಅವ್ವ ಬೈಸಿಕೊಂಡು ಬಂದು ಅದನ್ನು ನನಗೆ ಹಬ್ಬದ ಸುದ್ದಿಯ ಹಾಗೆ ಫೋನಿನಲ್ಲಿ ಹೇಳಿದಳು. ರೊಟ್ಟಿ ತಡವಾದರೆ ತನ್ನ ಮೇಲೂ ಒದರುತ್ತಾನೆ, ಏಯ್ ಅವ್ವ ಅನ್ನುತ್ತಾನೆ ಅಂದಳು. ಕೂಗಿನಲ್ಲೂ ಅವನು ಒಂದು ಬದಲಾವಣೆ ಮಾಡಿಕೊಂಡ. ಕೊನೆಯ ‘ಬಾ’ವನ್ನು ಮೇಲಕ್ಕೆ ಒಯ್ಯುವುದನ್ನು ಬಿಟ್ಟ. ಈಗ ಅದು ಹೊರಟ ಎತ್ತರದಲ್ಲೇ ನೆಟ್ಟಗೆ ಹೋಗಿ ನಿಲ್ಲುತ್ತದೆ. ಗಾಳಿಪಟದ ಬಾಲ ಇಲ್ಲ. ಅದನ್ನು ನಾನು ಇನ್ನು ಕೇಳುವುದಿಲ್ಲ ಅಂತ ಆ ಶನಿವಾರ ಖಚಿತವಾಯಿತು. ಯಾರಿಗೂ ಹೇಳದೆ ಗುಡ್ಡದ ಕಡೆ ಸ್ವಲ್ಪ ದೂರ ನಡೆದು ಬಂದೆ.

ಹುಣ್ಣಿಮೆ ದಾಟಿದ ಮೂರನೇ ದಿನ ಹಿಂಡು ಹೊರಟಿತು. ನಾನು ಕಾಲೇಜಿಗೆ ರಜೆ ಹಾಕಿ ಬಂದಿದ್ದೆ. ಹಿಂಡಿನ ಮುಂದೆ ನಡೆಯಲು ಅಪ್ಪ ಕುಷ್ಟಗಿ ಕಡೆಯ ಒಬ್ಬ ಅನುಭವಸ್ಥನನ್ನು ಗೊತ್ತು ಮಾಡಿದ್ದ. ಅವನು ಅಪ್ಪನ ಜೊತೆ ಸೇರಿ ದೊಡ್ಡ ಕುರಿಗಳನ್ನು ರಸ್ತೆಗೆ ಇಳಿಸಿದ. ಚುಕ್ಕಿಯೂ ಅವುಗಳ ನಡುವೆ ಹೋಯಿತು. ದುರುಗೇಶ ಅದರ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ ಬಿಟ್ಟ. ತಾಯಂದಿರು ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೆ ತಡಿಕೆ ತೆಗೆಯಬೇಕು ಅಂತ ಅಪ್ಪ ಹೇಳಿದ್ದ. ಪರೀಕ್ಷೆ ಅದು. ಮರಿಗಳು ತಾಯಿಯನ್ನು ಹುಡುಕಿ ಅಡ್ಡಾದಿಡ್ಡಿ ಓಡಿದರೆ ದುರುಗೇಶ ನನ್ನ ಜೊತೆ ಭಾಗ್ಯನಗರಕ್ಕೆ ಬರಬೇಕು, ಅವನ ಬಟ್ಟೆಯ ಗಂಟು ನನ್ನ ಕಾಲ ಹತ್ತಿರವೇ ಇತ್ತು.

ಅವ್ವ ತಡಿಕೆ ಎತ್ತಿದಳು. ಮರಿಗಳು ಒಟ್ಟಿಗೆ ಹೊರಗೆ ನುಗ್ಗಿ, ಧೂಳಿನ ವಾಸನೆ ಹಿಡಿದು ರಸ್ತೆಯ ಕಡೆ ತಿರುಗಿದವು. ದುರುಗೇಶ ಎದುರು ದಿಕ್ಕಿನಲ್ಲಿ, ಕತ್ತೆಯ ಪಕ್ಕದಲ್ಲಿದ್ದ. ನಮ್ಮ ಕಡೆ ನೋಡಲಿಲ್ಲ. ಕೂಗಿದ. ಮರಿಗಳು ನಿಂತವು. ಇನ್ನೊಮ್ಮೆ ಕೂಗಿದ. ಮುಂದಿದ್ದ ಒಂದು ಕಂದು ಮರಿ ತಿರುಗಿತು, ಅದರ ಹಿಂದೆ ಎರಡು, ಆಮೇಲೆ ಉಳಿದವೆಲ್ಲ ಒಂದರ ಮೇಲೊಂದು ಬೀಳುತ್ತ ಅವನ ಕಾಲಿನ ಸುತ್ತ ಬಂದು ಸೇರಿದವು. ಅವನು ತೀರ ಚಿಕ್ಕವನ್ನು ಎತ್ತಿ ಬಲೆಚೀಲಕ್ಕೆ ಹಾಕತೊಡಗಿದ.

ಹಿಂಡನ್ನು ಆ ಅನುಭವಸ್ಥನಿಗೆ ಬಿಟ್ಟು ರಸ್ತೆಯ ತಿರುವಿನಲ್ಲಿ ನಿಂತು ನೋಡುತ್ತಿದ್ದ ಅಪ್ಪ ಹತ್ತಿರ ಬರಲಿಲ್ಲ. ಅಲ್ಲಿಂದಲೇ ಹೇಳಿದ:

“ಕತ್ತಿ ನೀನ ಹೊಡ್ಕೊಂಡ್ ಬಾ. ಮೆಲ್ಲಕ ಬಾ.”

ಅವ್ವ ಬಟ್ಟೆಯ ಗಂಟನ್ನು ನನ್ನ ಕಾಲ ಹತ್ತಿರದಿಂದ ಎತ್ತಿ ಕತ್ತೆಯ ಬೆನ್ನಿಗೆ ಕಟ್ಟಿದಳು. ಅವನು ಹೊರಟ. ಹಿಂಡಿನ ಹಿಂದೆ, ಬಹಳ ಹಿಂದೆ, ಮರಿಗಳ ನಡುವೆ ಅವನು ಇನ್ನೂ ಎತ್ತರ ಕಾಣುತ್ತಿದ್ದ. ನನ್ನ ಕೈಯಲ್ಲಿ ಫೋನಿನ ಆ ಆ್ಯಪ್ ತೆರೆದೇ ಇತ್ತು. ಬಾವಿಯವರೆಗೆ ಅವನ ಜೊತೆ ನಡೆದೆ. ದಾರಿಯಲ್ಲಿ ಅವನು ಹಿಂದೆ ಬಿದ್ದ ಮರಿಗಳಿಗಾಗಿ ಮೂರು ಸಲ ಕೂಗಿದ. ಮೂರೂ ಸಲ ಅಳತೆ ಒಂದೇ ಬಂತು: ನೂರಾ ಎಂಬತ್ತಾರು ಹರ್ಟ್ಸ್.